ನಿಲ್ಲಿಸಿದ ಹಾರ್ಮೋನನ್ನು ಮತ್ತೆ ಆರಂಭಿಸುವ ಮೊದಲು

ನಾನು ದಾವಣಗೆರೆಯ ಟ್ರಾನ್ಸ್ ಮಹಿಳೆ, ವಯಸ್ಸು ಮೂವತ್ತೈದು ದಾಟಿದೆ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಷ್ಟು ಕಾಲ ವೈದ್ಯರ ನಿಗಾದಲ್ಲಿ ಎಸ್ಟ್ರಾಡಿಯೋಲ್ (ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನಿನ ಒಂದು ರೂಪ) ಮಾತ್ರೆಯನ್ನೂ ಗಂಡು ಹಾರ್ಮೋನಾದ ಟೆಸ್ಟೋಸ್ಟೆರಾನ್ ತಗ್ಗಿಸುವ ಇನ್ನೊಂದು ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದೆ. ಅವ್ವನಿಗೆ ಲಕ್ವ ಹೊಡೆದಾಗ ಕೆಲಸ ಬಿಟ್ಟು ಊರಿಗೆ ಬಂದೆ; ಬಂದ ಕೆಲವೇ ವಾರಗಳಲ್ಲಿ ಎರಡನ್ನೂ ನಿಲ್ಲಿಸಿದೆ. ಎರಡು ವರ್ಷಕ್ಕೂ ಹೆಚ್ಚು ಕಾಲ ಹಾಗೆಯೇ ಇದ್ದು, ಈಚೆಗೆ ಮತ್ತೆ ಆರಂಭಿಸಿದ್ದೇನೆ. ಹಾರ್ಮೋನನ್ನು ಮೊದಲ ಬಾರಿಗೆ ಆರಂಭಿಸುವವರಿಗೆ ಕನ್ನಡದಲ್ಲಿ ಅಷ್ಟಿಷ್ಟು ಮಾಹಿತಿ ಸಿಗುತ್ತದೆ. ಆದರೆ ನಿಲ್ಲಿಸಿದವರು, ಅದರಲ್ಲೂ ಮನಸ್ಸು ಕುಗ್ಗಿದ ಸ್ಥಿತಿಯಲ್ಲಿರುವವರು, ಮತ್ತೆ ಆರಂಭಿಸಬೇಕೇ ಬೇಡವೇ ಎಂದು ಹೇಗೆ ತೀರ್ಮಾನಿಸಬೇಕು ಎಂಬುದರ ಬಗ್ಗೆ ನನ್ನ ಕೈಗೆ ಏನೂ ಸಿಗಲಿಲ್ಲ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನಿಲ್ಲಿಸಲು ಕಾರಣ ಒಂದೇ ಇರಲಿಲ್ಲ. ಸಂಬಳ ನಿಂತಿತ್ತು. ಅವ್ವನನ್ನು ನೋಡಲು ದಿನವೂ ನೆಂಟರು ಬರುತ್ತಿದ್ದರು. ಬೀದಿಯ ಮೆಡಿಕಲ್ ಶಾಪಿನವನು ಅಣ್ಣನ ಜೊತೆ ಓದಿದವನು. ಮುಟ್ಟು ನಿಂತ ಹೆಂಗಸರಿಗೆ ಬರೆದುಕೊಡುವ ಮಾತ್ರೆಯನ್ನು ಅವನ ಎದುರು ನಿಂತು ಕೇಳುವ ಮನಸ್ಸಾಗಲಿಲ್ಲ. ಇವೆಲ್ಲದರ ಜೊತೆಗೆ, ಮಾತ್ರೆಯಿಲ್ಲದೆಯೂ ನಾನು ಇರಬಲ್ಲೆನೇ ಎಂದು ನೋಡಬೇಕೆಂಬ ಆಸೆಯೂ ಒಳಗೊಳಗೇ ಇತ್ತು. ಆಗಿನ ಪರಿಸ್ಥಿತಿಯಲ್ಲಿ ಅದು ಸರಿಯಾದ ತೀರ್ಮಾನವೇ ಆಗಿತ್ತೆಂದು ಈಗಲೂ ಅನ್ನಿಸುತ್ತದೆ.

ನನಗೆ ವೃಷಣ ತೆಗೆಯುವ ಶಸ್ತ್ರಚಿಕಿತ್ಸೆ ಆಗಿಲ್ಲ. ಹಾಗಾಗಿ ಮಾತ್ರೆ ಬಿಟ್ಟ ಕೆಲವೇ ತಿಂಗಳಲ್ಲಿ ದೇಹ ತನ್ನದೇ ಟೆಸ್ಟೋಸ್ಟೆರಾನ್‌ಗೆ ಮರಳಿತು. ಮುಖದಲ್ಲಿ ಮತ್ತೆ ಜಿಡ್ಡು, ತೋಳಿನ ಕೂದಲು ಮತ್ತೆ ಒರಟು, ಹಣೆಯ ಎರಡೂ ಬದಿ ಹಿಂದೆ ಸರಿಯತೊಡಗಿದ ಕೂದಲು. ಬೆಳೆದಿದ್ದ ಸ್ತನ ಮಾತ್ರ ಹೋಗಲಿಲ್ಲ, ಅದು ಹೋಗುವಂಥದ್ದೂ ಅಲ್ಲ. ದೇಹದ ಈ ಬದಲಾವಣೆಗಳನ್ನು ನಾನು ನಿರೀಕ್ಷಿಸಿದ್ದೆ. ಮನಸ್ಸಿನಲ್ಲಿ ಆದದ್ದನ್ನು ಮಾತ್ರ ನಿರೀಕ್ಷಿಸಿರಲಿಲ್ಲ. ಅಳು ನಿಂತುಹೋಯಿತು. ಸಿಟ್ಟು ಬೇಗ ಬರುತ್ತಿತ್ತು, ಉಳಿದಂತೆ ಏನೂ ಅನ್ನಿಸುತ್ತಿರಲಿಲ್ಲ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಸ್ನಾನ ಮಾಡುವಾಗ ಬಚ್ಚಲಿನ ದೀಪ ಹಾಕುವುದನ್ನೇ ಬಿಟ್ಟಿದ್ದೆ. ಇದು ಹಾರ್ಮೋನ್ ಬಿಟ್ಟದ್ದರ ಫಲವೋ, ಅವ್ವನ ಆರೈಕೆಯ ದಣಿವೋ, ಊರಿನಲ್ಲಿ ಒಬ್ಬ ಗೆಳತಿಯೂ ಇಲ್ಲದ ಒಂಟಿತನವೋ ಎಂದು ಬಿಡಿಸಿ ಹೇಳುವುದು ನನ್ನಿಂದ ಆಗುತ್ತಿರಲಿಲ್ಲ.

ಬದುಕೇ ಬೇಡವೆನ್ನಿಸಿದ ಒಂದು ರಾತ್ರಿ 14416ಕ್ಕೆ ಕರೆ ಮಾಡಿದೆ. ಇದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಸರ್ಕಾರಿ ಸಹಾಯವಾಣಿ. ಇಡೀ ದೇಶಕ್ಕೆ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ ಕೆಲಸ ಮಾಡುತ್ತದೆ, ಕನ್ನಡದಲ್ಲಿ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಫೋನ್ ಎತ್ತಿದ ಹೆಣ್ಣುಮಗಳು ನನ್ನ ದನಿ ಕೇಳಿ ಮೊದಲು "ಸರ್" ಎಂದರು. ನಾನು ತಿದ್ದಿದ ಮೇಲೆ ಮಾತು ಮುಗಿಯುವವರೆಗೂ "ಮೇಡಂ" ಎಂದೇ ಕರೆದರು. ಹತ್ತಿರದ ಮನೋವೈದ್ಯರನ್ನು ಕಾಣಲೇಬೇಕೆಂದು ಅವರು ಒತ್ತಿ ಹೇಳಿದ್ದರಿಂದ ಮುಂದಿನದೆಲ್ಲ ಶುರುವಾಯಿತು. ಇದನ್ನು ಓದುತ್ತಿರುವವರಲ್ಲಿ ಅಂಥ ರಾತ್ರಿಗಳನ್ನು ಕಳೆಯುತ್ತಿರುವವರಿದ್ದರೆ, ಹಾರ್ಮೋನಿನ ತೀರ್ಮಾನ ಕಾಯಲಿ, ಆ ಕರೆಯನ್ನು ಮೊದಲು ಮಾಡಿ.

ಮೊದಲು ಹೋದದ್ದು ಒಂದು ಖಾಸಗಿ ಆಸ್ಪತ್ರೆಯ ಮನೋವೈದ್ಯರ ಬಳಿಗೆ. ಸಾಲಿನಲ್ಲಿ ಅರ್ಧ ದಿನ ಕುಳಿತ ಮೇಲೆ ಅವರು ಹತ್ತು ನಿಮಿಷ ಮಾತಾಡಿಸಿದರು. "ಮೊದಲು ಡಿಪ್ರೆಷನ್ ಪೂರ್ತಿ ವಾಸಿಯಾಗಲಿ, ಆಮೇಲೆ ಆ ವಿಷಯ ನೋಡೋಣ" ಎಂದರು. ಪೂರ್ತಿ ವಾಸಿ ಎಂದರೆ ಯಾವಾಗ, ಅದನ್ನು ಯಾರು ಅಳೆಯುತ್ತಾರೆ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಅತ್ತಿಗೆಯ ತವರಿನವರೊಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಂಥದ್ದನ್ನೆಲ್ಲ ಕೌನ್ಸೆಲಿಂಗ್‌ನಲ್ಲಿ "ಸರಿಮಾಡುವ" ಜಾಗವೊಂದಿದೆ ಎಂದು ವಿಳಾಸ ತಂದುಕೊಟ್ಟರು. ಮದ್ರಾಸ್ ಹೈಕೋರ್ಟಿನ ನಿರ್ದೇಶನದ ಮೇರೆಗೆ ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲೇ ಅಂಥ ಪರಿವರ್ತನಾ ಚಿಕಿತ್ಸೆಯನ್ನು ವೈದ್ಯರ ವೃತ್ತಿ ದುರ್ನಡತೆಯೆಂದು ಸಾರಿದೆ. ಅಣ್ಣನಿಗೆ ಇದನ್ನು ಓದಿ ಹೇಳಿದೆ. ಆ ಮಾತು ಮನೆಯಲ್ಲಿ ಅಲ್ಲಿಗೆ ನಿಂತಿತು. ಇಂಥ ಸಂದರ್ಭದಲ್ಲಿ ನೆಂಟರೊಡನೆ ವಾದಕ್ಕಿಳಿಯುವುದಕ್ಕಿಂತ ಒಂದು ಸರ್ಕಾರಿ ಆದೇಶವನ್ನು ತೋರಿಸುವುದು ಸುಲಭ.

ಮನೋವೈದ್ಯರ ವಿಷಯಕ್ಕೆ ಬರುವುದಾದರೆ, ಟ್ರಾನ್ಸ್ ಆಗಿರುವುದು ಮಾನಸಿಕ ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಪಟ್ಟಿಯಲ್ಲಿ ಅದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದು ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಸೇರಿಸಲಾಗಿದೆ. 2022ರ ಜನವರಿಯಿಂದ ಆ ಪಟ್ಟಿ ಜಾರಿಯಲ್ಲಿದೆ. ಖಿನ್ನತೆ ಮಾತ್ರ ಕಾಯಿಲೆಯೇ, ಅದು ಯಾರಿಗೂ ಬರಬಹುದು. ಖಿನ್ನತೆಗೆ ಚಿಕಿತ್ಸೆ ಕೊಡಿ ಎನ್ನುವುದಕ್ಕೂ, ಖಿನ್ನತೆಯಿರುವವರೆಗೂ ಹಾರ್ಮೋನ್ ಕೊಡುವುದಿಲ್ಲ ಎನ್ನುವುದಕ್ಕೂ ವ್ಯತ್ಯಾಸವಿದೆ. ಟ್ರಾನ್ಸ್‌ಜೆಂಡರ್ ಆರೋಗ್ಯ ತಜ್ಞರ ಅಂತರರಾಷ್ಟ್ರೀಯ ಸಂಸ್ಥೆಯಾದ ಡಬ್ಲ್ಯುಪ್ಯಾತ್ 2022ರಲ್ಲಿ ಹೊರತಂದ ಎಂಟನೇ ಆವೃತ್ತಿಯ ಮಾರ್ಗಸೂಚಿಯೂ, ಮಾನಸಿಕ ತೊಂದರೆಗಳನ್ನು ಗಮನಿಸಿ ನಿಭಾಯಿಸಬೇಕು ಎನ್ನುತ್ತದೆಯೇ ಹೊರತು ಅವೆಲ್ಲ ತೀರಿದ ಮೇಲೆಯೇ ಹಾರ್ಮೋನ್ ಎನ್ನುವುದಿಲ್ಲ.

ಬೆಂಗಳೂರಿನಲ್ಲಿ ಹಿಂದೆ ಪರಿಚಯವಿದ್ದ ಹಿರಿಯ ಅಕ್ಕ ಒಬ್ಬರಿಗೆ ಫೋನ್ ಮಾಡಿ ದುಃಖ ತೋಡಿಕೊಂಡೆ. ಅವರು ನಮ್ಮ ಕಡೆಯವರೇ; ಟ್ರಾನ್ಸ್ ಮಹಿಳೆಯರು ಒಟ್ಟಾಗಿ ಬಾಳುವ ಹಮಾಮ್‌ನಲ್ಲಿ ಬೆಳೆದವರು, ನಿರ್ವಾಣ ಅಂದರೆ ಶಸ್ತ್ರಚಿಕಿತ್ಸೆಯಾಗಿ ಬಹಳ ವರ್ಷಗಳಾಗಿವೆ. "ನಂದು ಆಪರೇಷನ್ ಆಗೈತವ್ವಾ, ನಾ ಗುಳಿಗಿ ಬಿಟ್ರ ಮೈಯಾಗ ಯಾವ ಹಾರ್ಮೋನೂ ಇರಂಗಿಲ್ಲ, ಎಲುಬು ಸವೀತಾವ. ನಿಂದು ಬ್ಯಾರೆ ಲೆಕ್ಕ. ನೀ ಯೋಚ್ನಿ ಮಾಡಾಕ ಟೈಮ್ ತಗಾ" ಎಂದರು. ಈ ಮಾತನ್ನು ಶಸ್ತ್ರಚಿಕಿತ್ಸೆಯಾದವರು ವಿಶೇಷವಾಗಿ ಗಮನಿಸಬೇಕು. ವೃಷಣಗಳನ್ನು ತೆಗೆಸಿದ ಮೇಲೆ ಈಸ್ಟ್ರೋಜೆನ್ ಇಲ್ಲದೆ ವರ್ಷಗಟ್ಟಲೆ ಇದ್ದರೆ ಮೂಳೆಯ ಸಾಂದ್ರತೆ ಕುಸಿಯುತ್ತದೆ. ಮೈ ಬಿಸಿಯೇರುವುದು, ಸುಸ್ತು, ಮನಸ್ಸು ಕುಗ್ಗುವುದು ಇವೂ ಬರಬಹುದು. ಅವರ ಪಾಲಿಗೆ "ಮತ್ತೆ ಆರಂಭಿಸಬೇಕೇ" ಎಂಬುದು ಮನಸ್ಸಿನ ನೆಮ್ಮದಿಗೆ ಮಾತ್ರ ಸೇರಿದ ಪ್ರಶ್ನೆಯಲ್ಲ, ತಡಮಾಡದೆ ವೈದ್ಯರನ್ನು ಕಾಣಬೇಕಾದ ವಿಷಯ.

ಆ ಅಕ್ಕನೇ ಹೇಳಿದ ಎರಡನೇ ಮನೋವೈದ್ಯೆಯನ್ನು ಬೆಂಗಳೂರಿಗೆ ಹೋಗಿ ಕಂಡೆ. ಬೆಳಗಿನ ರೈಲಿಗೆ ಹೊರಟು ರಾತ್ರಿ ಮರಳುವ ದಿನ ಅವ್ವನನ್ನು ನೋಡಿಕೊಳ್ಳಲು ಅತ್ತಿಗೆ ಒಪ್ಪಿದ್ದು ದೊಡ್ಡ ಉಪಕಾರ. ವೈದ್ಯೆ ಮೊದಲು ಬರೆದುಕೊಟ್ಟದ್ದು ರಕ್ತ ಪರೀಕ್ಷೆಗಳನ್ನು: ಥೈರಾಯ್ಡ್, ಹಿಮೋಗ್ಲೋಬಿನ್, ಬಿ12, ವಿಟಮಿನ್ ಡಿ. ಮನಸ್ಸು ಕುಗ್ಗಲು ಇವುಗಳ ಏರುಪೇರೂ ಕಾರಣವಾಗಬಹುದು, ಎಲ್ಲವನ್ನೂ ಹಾರ್ಮೋನಿನ ತಲೆಗೆ ಕಟ್ಟಬಾರದು ಎಂದರು. ನನ್ನ ಬಿ12 ನಿಜಕ್ಕೂ ತೀರಾ ಕಡಿಮೆಯಿತ್ತು. ಪಿಎಚ್‌ಕ್ಯು-9 ಎಂಬ ಒಂಬತ್ತು ಪ್ರಶ್ನೆಗಳ ಹಾಳೆಯಲ್ಲಿ 27ಕ್ಕೆ 18 ಅಂಕ ಬಂತು. ತೀವ್ರ ಖಿನ್ನತೆಗೆ ಒಂದೇ ಮೆಟ್ಟಿಲು ಕೆಳಗಿನ ಹಂತ ಅದು.

ಅವರು ಹೇಳಿದ ಕ್ರಮ ನನಗೆ ಒಪ್ಪಿಗೆಯಾಯಿತು. ಖಿನ್ನತೆಯ ಮಾತ್ರೆ ಸರ್ಟ್ರಾಲಿನ್ ಮತ್ತು ಬಿ12 ಇಂಜೆಕ್ಷನ್ ಈಗಲೇ ಆರಂಭ. ಸುಮಾರು ಆರು ವಾರದ ನಂತರ ಹಾರ್ಮೋನ್. ಎರಡನ್ನೂ ಒಟ್ಟಿಗೆ ಆರಂಭಿಸಿದರೆ ಯಾವುದರಿಂದ ಏನಾಯಿತೆಂಬುದು ತಿಳಿಯುವುದಿಲ್ಲ ಎಂಬುದಷ್ಟೇ ಇದಕ್ಕೆ ಕಾರಣ. ಆರು ವಾರದ ನಂತರದ ತಾರೀಖನ್ನು ಅವರು ಚೀಟಿಯಲ್ಲೇ ಬರೆದರು, ಆ ಹೊತ್ತಿಗೆ ಮನಸ್ಸು ಹೇಗಿದ್ದರೂ ಹಾರ್ಮೋನ್ ತಜ್ಞರ ಬಳಿ ಹೋಗಿ ಎಂದರು. ಮೊದಲ ವೈದ್ಯರೂ ಕಾಯಿರಿ ಎಂದಿದ್ದರು, ಇವರೂ ಕಾಯಿರಿ ಎಂದರು. ಆದರೆ ಇವರ ಕಾಯುವಿಕೆಗೆ ಒಂದು ತಾರೀಖಿತ್ತು, ಒಂದು ಕಾರಣವಿತ್ತು, ಅದು ನನ್ನ ಕೈಯಲ್ಲಿದ್ದ ಕಾಗದದ ಮೇಲಿತ್ತು. ನಿಮಗೆ ಯಾರಾದರೂ ಕಾಯಲು ಹೇಳಿದರೆ ಈ ಎರಡನ್ನೂ ಬರೆದುಕೊಡಲು ಕೇಳಿ.

ಆ ವಾರಗಳಲ್ಲಿ ಮಾಡಲು ಅವರು ಒಂದು ಕೆಲಸ ಕೊಟ್ಟಿದ್ದರು: ಹಾರ್ಮೋನಿನಿಂದ ಬದಲಾಗಬಹುದಾದ್ದು, ಬದಲಾಗಲಾರದ್ದು ಎಂದು ಎರಡು ಪಟ್ಟಿ ಬರೆಯುವುದು. ಬಾಡಿಗೆಯಿಲ್ಲದಿದ್ದರೂ ಸಂಬಳವಿಲ್ಲದ ಮನೆ, ಅವ್ವನ ಕೈಕಾಲು, ಊರಿನ ಬಾಯಿ, ನನ್ನ ಗಂಡುದನಿ ಇವೆಲ್ಲ ಎರಡನೆಯ ಪಟ್ಟಿಗೆ ಹೋದವು. ದನಿ ಒಮ್ಮೆ ಒಡೆದ ಮೇಲೆ ಈಸ್ಟ್ರೋಜೆನ್ ಅದನ್ನು ತೆಳುಮಾಡುವುದಿಲ್ಲ, ಗಡ್ಡವನ್ನೂ ತೆಗೆಯುವುದಿಲ್ಲ. ಮೊದಲನೆಯ ಪಟ್ಟಿ ಚಿಕ್ಕದಾಯಿತು. ಬಚ್ಚಲಿನ ದೀಪ, ಅಳು, ಬೆಳಗ್ಗೆ ಎದ್ದಾಗ ದೇಹದ ಮೇಲೆ ಬರುವ ಅಸಹ್ಯ, ಮತ್ತು ನನ್ನನ್ನು ನಾನೇ ದೂರದಿಂದ ನೋಡುತ್ತಿರುವಂಥ ಒಂದು ಭಾವ. ಸರ್ಟ್ರಾಲಿನ್‌ನಿಂದ ನಿದ್ದೆ ಸುಧಾರಿಸಿತು, ಸಾಯುವ ಯೋಚನೆ ಹಿಂದೆ ಸರಿಯಿತು, ಅಡುಗೆ ಮಾಡಲು ಮತ್ತೆ ಮನಸ್ಸು ಬಂತು. ಆದರೆ ಮೊದಲ ಪಟ್ಟಿಯ ಒಂದು ಸಾಲೂ ಅಲುಗಲಿಲ್ಲ. ನನ್ನ ತೀರ್ಮಾನ ಗಟ್ಟಿಯಾದದ್ದು ಇಲ್ಲಿಯೇ.

ಹಾರ್ಮೋನಿನಿಂದ ಮನಸ್ಸಿಗೆ ನಿಜವಾಗಿ ಒಳ್ಳೆಯದಾಗುತ್ತದೆಯೇ ಎಂದು ವೈದ್ಯೆಯನ್ನು ನೇರವಾಗಿ ಕೇಳಿದ್ದೆ. 2021ರಲ್ಲಿ ಪ್ರಕಟವಾದ ಒಂದು ಪರಾಮರ್ಶೆ 20 ಅಧ್ಯಯನಗಳನ್ನು ಕೂಡಿಸಿ ನೋಡಿದೆ. ಹಾರ್ಮೋನ್ ಪಡೆದವರಲ್ಲಿ ಖಿನ್ನತೆ, ಆತಂಕ ತಗ್ಗಿ ಬದುಕಿನ ಗುಣಮಟ್ಟ ಏರಿರುವುದು ಕಂಡಿದೆ. ಆದರೆ ಅಧ್ಯಯನಗಳ ಗಾತ್ರ, ವಿಧಾನಗಳ ಕೊರತೆಯಿಂದಾಗಿ ಖಚಿತತೆ ಕಡಿಮೆ ಎಂದೂ ಅದರ ಲೇಖಕರೇ ಹೇಳಿದ್ದಾರೆ ಎಂದು ತಿಳಿಸಿದರು. ಈ ಉತ್ತರ ನನಗೆ ಹಿಡಿಸಿತು. ಹಾರ್ಮೋನ್ ಎಲ್ಲವನ್ನೂ ಗುಣಪಡಿಸುತ್ತದೆ ಎನ್ನುವ ಗೆಳತಿಯರನ್ನೂ ಕಂಡಿದ್ದೇನೆ, ಎಲ್ಲ ಭ್ರಮೆ ಎನ್ನುವ ನೆಂಟರನ್ನೂ ಕಂಡಿದ್ದೇನೆ. ಇಬ್ಬರ ಮಾತೂ ನನ್ನ ಎರಡು ಪಟ್ಟಿಗಳ ಮುಂದೆ ನಿಲ್ಲುವುದಿಲ್ಲ.

ಊರಿನಲ್ಲಿ ವಿಚಾರಿಸಿದ ಹಾರ್ಮೋನ್ ತಜ್ಞರು ಸಕ್ಕರೆ ಕಾಯಿಲೆ, ಥೈರಾಯ್ಡ್ ಬಿಟ್ಟು ಬೇರೆ ನೋಡುವುದಿಲ್ಲವೆಂದರು. ಮತ್ತೆ ಬೆಂಗಳೂರೇ ಆಯಿತು. ಮೊದಲ ಭೇಟಿಗೆ ಸಾವಿರ ರೂಪಾಯಿ, ಪರೀಕ್ಷೆಗಳಿಗೆ ನಾಲ್ಕು ಸಾವಿರದ ಆಸುಪಾಸು, ರೈಲು ಆಟೋ ಬೇರೆ. ಮುಂದಿನ ಭೇಟಿಗಳನ್ನು ವಿಡಿಯೋದಲ್ಲಿ ಮಾಡಬಹುದೆಂದು ಅವರೇ ಹೇಳಿದ್ದರಿಂದ ಪ್ರಯಾಣ ಉಳಿಯಿತು. ಹಳೆಯ ಚೀಟಿಗಳು, ಹಳೆಯ ರಕ್ತದ ವರದಿಗಳು, ಮನೋವೈದ್ಯೆಯ ಪತ್ರ, ಆಧಾರ್, ಜಿಲ್ಲಾಧಿಕಾರಿಯವರಿಂದ ಪಡೆದಿದ್ದ ಟ್ರಾನ್ಸ್‌ಜೆಂಡರ್ ಗುರುತಿನ ಪ್ರಮಾಣಪತ್ರ ಇಷ್ಟನ್ನು ಕಡತ ಮಾಡಿಕೊಂಡು ಹೋಗಿದ್ದೆ. ಅವರು ನೋಡಿದ್ದು ಚೀಟಿ ಮತ್ತು ವರದಿಗಳನ್ನು ಮಾತ್ರ; ಪ್ರಮಾಣಪತ್ರ ಬೇಕಾದದ್ದು ವಿಮೆಯ ಕೌಂಟರಿನಲ್ಲಿ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ 2019ರ ಕಾಯ್ದೆಯ 15ನೇ ಕಲಂ ಹಾರ್ಮೋನ್ ಚಿಕಿತ್ಸೆಯ ಸೌಲಭ್ಯವನ್ನು ಸರ್ಕಾರದ ಹೊಣೆಯೆಂದು ಹೇಳುತ್ತದೆ, ಆಯುಷ್ಮಾನ್ ಯೋಜನೆಯಡಿ ನಮಗಾಗಿ ವರ್ಷಕ್ಕೆ 5 ಲಕ್ಷ ರೂಪಾಯಿಯ ವಿಮೆಯೂ 2022ರಲ್ಲಿ ಘೋಷಣೆಯಾಗಿದೆ. ಆದರೆ ಕೌಂಟರಿನಲ್ಲಿ, ಒಳರೋಗಿಯಾಗಿ ದಾಖಲಾಗದೆ ಕೊಳ್ಳುವ ಔಷಧಿಗೆ ಅದು ಅನ್ವಯಿಸುವುದಿಲ್ಲ ಎಂದು ಕೈಚೆಲ್ಲಿದರು. ನನ್ನ ಖರ್ಚೆಲ್ಲ ಸ್ವಂತದ್ದೇ ಆಯಿತು.

ತಜ್ಞರು ಹೆಚ್ಚು ಹೊತ್ತು ಕೇಳಿದ್ದು ಮನೆತನದ ಕಾಯಿಲೆಗಳ ಬಗ್ಗೆ. ಬೀಡಿ ಸಿಗರೇಟ್ ಇದೆಯೇ, ಕಣ್ಣಮುಂದೆ ಮಿಂಚು ಬಂದು ತಲೆನೋವಾಗುತ್ತದೆಯೇ, ಕಾಮಾಲೆಯಾಗಿತ್ತೇ, ಯಾರಿಗಾದರೂ ರಕ್ತ ಹೆಪ್ಪುಗಟ್ಟಿತ್ತೇ. ಅವ್ವನ ಲಕ್ವದ ಜೊತೆಗೆ, ಸೋದರಮಾವನ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಆಸ್ಪತ್ರೆ ಸೇರಿದ್ದೂ ಇಲ್ಲಿ ಹೊರಬಂತು. ನುಂಗುವ ಈಸ್ಟ್ರೋಜೆನ್ ಯಕೃತ್ತಿನ ಮೂಲಕ ಹಾದುಹೋಗುವುದರಿಂದ ಹೆಪ್ಪುಗಟ್ಟುವ ಅಪಾಯ ಹೆಚ್ಚು, ಚರ್ಮದ ಮೂಲಕ ಹೋಗುವುದರಲ್ಲಿ ಆ ಅಪಾಯ ಕಡಿಮೆ ಎಂದು ವಿವರಿಸಿ, ಮಾತ್ರೆಯ ಬದಲು ಎಸ್ಟ್ರಾಡಿಯೋಲ್ ಜೆಲ್ ಬರೆದರು. ಹಳೆಯ ಪ್ರಮಾಣಕ್ಕೆ ನೇರವಾಗಿ ಮರಳದೆ ಕಡಿಮೆಯಿಂದ ಶುರುಮಾಡಿದರು. ನನ್ನ ಪ್ರಮಾಣವನ್ನು ಬೇಕೆಂದೇ ಇಲ್ಲಿ ಬರೆಯುತ್ತಿಲ್ಲ; ಅದನ್ನು ನೋಡಿ ಯಾರೂ ವೈದ್ಯರಿಲ್ಲದೆ ತಾವಾಗಿಯೇ ಔಷಧಿ ತೆಗೆದುಕೊಳ್ಳಬಾರದು. ಅದರಲ್ಲೂ ಗರ್ಭನಿರೋಧಕ ಗುಳಿಗೆಗಳನ್ನು ಅಂಗಡಿಯಿಂದ ತಂದು ನುಂಗುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅವುಗಳಲ್ಲಿರುವ ಎಥಿನೈಲ್ ಎಸ್ಟ್ರಾಡಿಯೋಲ್ ರಕ್ತ ಹೆಪ್ಪುಗಟ್ಟಿಸುವುದರಲ್ಲಿ ಕುಖ್ಯಾತ, ದಯವಿಟ್ಟು ಬೇಡ.

ಸಂತಾನದ ಪ್ರಶ್ನೆಯನ್ನೂ ಅವರು ಎತ್ತಿದರು. ಬಿಟ್ಟಿದ್ದ ಅವಧಿಯಲ್ಲಿ ವೀರ್ಯದ ಉತ್ಪತ್ತಿ ಮರಳಿರಬಹುದು, ಶೇಖರಿಸಿಡುವ ಮನಸ್ಸಿದ್ದರೆ ಮತ್ತೆ ಆರಂಭಿಸುವ ಮೊದಲೇ ಆಗಬೇಕು ಎಂದರು. ನನಗೆ ಅದು ಬೇಕಿರಲಿಲ್ಲ. ಬೇಕೆನ್ನುವವರಿಗೆ ಈ ನಡುವಿನ ಅವಧಿ ಒಂದು ಅವಕಾಶ, ಅದನ್ನು ಕೇಳದೆ ಬಿಡಬೇಡಿ.

ಟೆಸ್ಟೋಸ್ಟೆರಾನ್ ತಗ್ಗಿಸಲು ಸ್ಪೈರೊನೊಲ್ಯಾಕ್ಟೋನ್ ಅನ್ನು ಸ್ವಲ್ಪ ತಡವಾಗಿ ಸೇರಿಸಿದರು. ಅದು ರಕ್ತದೊತ್ತಡವನ್ನು ಇಳಿಸುತ್ತದೆ, ಪೊಟ್ಯಾಸಿಯಂ ಏರಿಸುತ್ತದೆ. ಅದು ಸರ್ಟ್ರಾಲಿನ್ ಜೊತೆ ಸೇರಿದಾಗ ಸೋಡಿಯಂ ಇಳಿಯುವ ಸಾಧ್ಯತೆಯೂ ಇರುವುದರಿಂದ ಎರಡನ್ನೂ ಪರೀಕ್ಷಿಸಬೇಕೆಂದರು. ಮನೋವೈದ್ಯೆ ಕೊಟ್ಟ ಔಷಧಿಯ ಹೆಸರನ್ನು ಹಾರ್ಮೋನ್ ತಜ್ಞರಿಗೆ, ಇವರದ್ದನ್ನು ಅವರಿಗೆ ತಿಳಿಸುವ ಹೊಣೆ ನಮ್ಮದೇ. ಬೇರೆ ಬೇರೆ ಆಸ್ಪತ್ರೆಗಳಲ್ಲಿರುವ ಇಬ್ಬರು ವೈದ್ಯರು ಪರಸ್ಪರ ಮಾತಾಡುತ್ತಾರೆಂದು ನಂಬಿ ಕೂರುವಂತಿಲ್ಲ.

ಜೆಲ್ ನೋಡಲು ಸ್ಯಾನಿಟೈಸರ್‌ನಂತೆಯೇ ಇದೆ, ಸ್ಪಿರಿಟ್ ವಾಸನೆ. ಸ್ನಾನವಾದ ಮೇಲೆ ತೋಳಿಗೆ ತೆಳ್ಳಗೆ ಸವರಿ, ಒಣಗುವವರೆಗೆ ಸುಮ್ಮನೆ ಕುಳಿತು, ಆಮೇಲೆ ತೋಳು ಮುಚ್ಚುವ ಬಟ್ಟೆ ಹಾಕಬೇಕು. ಇನ್ನೊಬ್ಬರ ಚರ್ಮಕ್ಕೆ ತಗುಲಿದರೆ ಅವರ ಮೈಗೂ ಇಳಿಯುತ್ತದೆ. ನನ್ನ ಮನೆಯಲ್ಲಿ ಇದು ದೊಡ್ಡ ತೊಡಕಾಯಿತು, ಏಕೆಂದರೆ ಅವ್ವ ಬೆಳಗ್ಗೆ ಹಾಸಿಗೆಯಿಂದ ಏಳುವುದೇ ನನ್ನ ತೋಳು ಹಿಡಿದು. ಅವಳನ್ನು ಎಬ್ಬಿಸಿ, ಮೈ ತೊಳೆಸಿ, ತಿಂಡಿ ತಿನ್ನಿಸಿದ ಮೇಲೆಯೇ ನನ್ನ ಸ್ನಾನ, ನನ್ನ ಜೆಲ್ ಎಂದು ಹೊತ್ತು ಬದಲಿಸಿಕೊಂಡೆ. ಒಮ್ಮೆ ಅವಳು "ಅದೇನದು ದಿನಾ ಹಚ್ಚಿಕೆಂತಿ?" ಎಂದು ತೊದಲುತ್ತಲೇ ಕೇಳಿದಳು. ಹೇಳಿದೆ. ಸ್ವಲ್ಪ ಹೊತ್ತು ಬಿಟ್ಟು, "ಮದ್ಲಿಂದು ಗುಳಿಗಿ ತಗಳಾಗ ನೀ ಫೋನಾಗ ಚೆಂದ ಮಾತಾಡ್ತಿದ್ದಿ" ಎಂದಳು. ಅವಳಿಗೆ ಅದು ಗೊತ್ತಿತ್ತೆಂದು ನನಗೆ ಗೊತ್ತಿರಲಿಲ್ಲ.

ಮೂರು ತಿಂಗಳಿಗೆ ಪರೀಕ್ಷೆ. ಜೆಲ್ ಹಚ್ಚಿದ ತೋಳಿನಿಂದ ರಕ್ತ ತೆಗೆದರೆ ಎಸ್ಟ್ರಾಡಿಯೋಲ್ ಸುಳ್ಳುಸುಳ್ಳೇ ಹೆಚ್ಚು ತೋರಿಸಬಹುದು. ಹಾಗಾಗಿ ಹಚ್ಚದ ತೋಳನ್ನೇ ಕೊಡಬೇಕು. ಕೂದಲು, ಉಗುರಿಗೆಂದು ಮಾರುವ ಬಯೋಟಿನ್ ಮಾತ್ರೆಗಳೂ ಹಾರ್ಮೋನ್ ಪರೀಕ್ಷೆಯ ಫಲಿತಾಂಶವನ್ನು ಕೆಡಿಸಬಲ್ಲವು, ಎಷ್ಟು ದಿನ ಮೊದಲು ಬಿಡಬೇಕೆಂದು ವೈದ್ಯರನ್ನು ಕೇಳಿಕೊಳ್ಳಿ. ಲ್ಯಾಬಿನಲ್ಲಿ ನನ್ನ ಹಳೆಯ ಮೊಬೈಲ್ ನಂಬರಿಗೆ "ಪುರುಷ" ಎಂದೇ ದಾಖಲಾಗಿತ್ತು. ವರದಿಯಲ್ಲಿ ಎಸ್ಟ್ರಾಡಿಯೋಲ್ ಪಕ್ಕ ದಪ್ಪಕ್ಷರದಲ್ಲಿ ಎಚ್ (ಹೆಚ್ಚು), ಟೆಸ್ಟೋಸ್ಟೆರಾನ್ ಪಕ್ಕ ಎಲ್ (ಕಡಿಮೆ). ಕೌಂಟರಿನ ಹುಡುಗ ಗಾಬರಿಯಾಗಿ, "ಡಾಕ್ಟರ್‌ಗೆ ಅರ್ಜೆಂಟಾಗಿ ತೋರಿಸ್ಬಿಡಿ" ಎಂದ. ಗಂಡಸರ ಮಾಪನಕ್ಕೆ ಹೋಲಿಸಿ ಯಂತ್ರ ಹಾಕಿದ ಗುರುತು ಅದು. ನಮಗೆ ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿ ಎಸ್ಟ್ರಾಡಿಯೋಲ್ ಪ್ರತಿ ಮಿಲಿಲೀಟರಿಗೆ 100ರಿಂದ 200 ಪಿಕೋಗ್ರಾಂ, ಟೆಸ್ಟೋಸ್ಟೆರಾನ್ ಪ್ರತಿ ಡೆಸಿಲೀಟರಿಗೆ 50 ನ್ಯಾನೋಗ್ರಾಂಗಿಂತ ಕಡಿಮೆ. ನನ್ನ ಎಸ್ಟ್ರಾಡಿಯೋಲ್ ಇನ್ನೂ ಗುರಿಯ ಕೆಳಗೇ ಇತ್ತು.

ಮನಸ್ಸು ಹೇಗಿದೆ ಎಂದು ಕೇಳುವವರಿಗೆ: ಒಂಬತ್ತು ಪ್ರಶ್ನೆಗಳ ಅಂಕ 7ಕ್ಕೆ ಇಳಿದಿದೆ. ಅದರ ಬಹುಪಾಲು ಹಾರ್ಮೋನಿಗೆ ಮೊದಲೇ, ಸರ್ಟ್ರಾಲಿನ್ ಮತ್ತು ಬಿ12ರ ಕಾಲದಲ್ಲೇ ಇಳಿದದ್ದು. ಹಾರ್ಮೋನ್ ಬಂದ ಮೇಲೆ ಆದದ್ದು ಆ ಹಾಳೆಯ ಪ್ರಶ್ನೆಗಳಿಗೆ ಸಿಗುವಂಥದ್ದಲ್ಲ. ಅಳು ಮರಳಿದೆ, ಕೆಲವೊಮ್ಮೆ ತೀರಾ ಅನನುಕೂಲದ ಹೊತ್ತಿಗೆ. ಬಚ್ಚಲಿನ ದೀಪ ಹಾಕುತ್ತೇನೆ. ಊರಿನ ಬಾಯಿ, ಕೆಲಸದ ಹುಡುಕಾಟ ಎರಡನೇ ಪಟ್ಟಿಯಲ್ಲೇ ಇವೆ. ಆರು ತಿಂಗಳಲ್ಲಿ ಮೊದಲ ಪಟ್ಟಿ ಕರಗದಿದ್ದರೆ ಜೆಲ್ ಪ್ರಮಾಣವನ್ನು ಸುಮ್ಮನೆ ಏರಿಸುತ್ತ ಹೋಗದೆ, ಇಬ್ಬರು ವೈದ್ಯರೊಡನೆಯೂ ಕುಳಿತು ಯೋಚಿಸುವುದೆಂದು ಮೊದಲೇ ಮಾತಾಗಿದೆ.

ಕೊನೆಯದಾಗಿ ಔಷಧಿ ಕೊಳ್ಳುವ ವಿಷಯ. ಜೆಲ್‌ಗೆ ತಿಂಗಳಿಗೆ ಆಗುವ ಖರ್ಚು ಹಿಂದಿನ ಮಾತ್ರೆಯ ಖರ್ಚಿನ ಎರಡರಷ್ಟಕ್ಕಿಂತಲೂ ಹೆಚ್ಚು, ನಮ್ಮ ಊರಿನಲ್ಲಿ ಎಲ್ಲ ಅಂಗಡಿಗಳಲ್ಲೂ ಸಿಗುವುದಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರದ ದೊಡ್ಡ ಅಂಗಡಿಯವರು ಮೊದಲೇ ಹೇಳಿದರೆ ತರಿಸಿಕೊಡುತ್ತಾರೆ. "ಯಾರಿಗೆ ಇದು?" ಎಂದು ಕೇಳಿದರೆ ಚೀಟಿಯನ್ನು ಮುಂದಿಟ್ಟರೆ ಸಾಕು, ವಿವರಣೆ ಕೊಡುವ ಅಗತ್ಯವಿಲ್ಲ. ಒಂದು ಟ್ಯೂಬ್ ಅರ್ಧ ಖಾಲಿಯಾಗುತ್ತಿದ್ದಂತೆ ಮುಂದಿನದಕ್ಕೆ ಹೇಳಿಡಿ, ಹಬ್ಬದ ವಾರಗಳಲ್ಲಿ ಇನ್ನೂ ಮೊದಲೇ.